ಸ್ಕ್ರೂ ಹಾಕಿದ್ದೆಲ್ಲ ನಿಮ್ಮದು

ಹಲ್ಲಿನ ಡಾಕ್ಟರ ಬಾಳೇ ಒಂದು ವಿಚಿತ್ರ. ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಕೂರುವವರು ಬೇರೆಯವರು, ಮಾತಾಡುವವರು ಡಾಕ್ಟರು. "ಸ್ವಲ್ಪ ಚುರ್ ಅನ್ಬಹುದು, ಅಲ್ಲಾಡಬೇಡಿ" ಎಂದರೆ ಎಂಥ ಶೂರನೂ ಅಲ್ಲಾಡುವುದಿಲ್ಲ. "ಮುಂದಿನವರು!" ಎಂದರೆ ಎಂಥ ಶ್ರೀಮಂತನೂ ಎದ್ದು ಹೋಗುತ್ತಾನೆ. ಅದೇ ಡಾಕ್ಟರು ಮನೆಗೆ ಬಂದರೆ ಬಾಯಿ ತೆರೆಯುವವರು ಡಾಕ್ಟರಮ್ಮ, ಅಲ್ಲಾಡದೆ ಕೂರುವವರು ಡಾಕ್ಟರು. ನಮ್ಮ ಕಥೆಯ ಡಾಕ್ಟರು ಈ ವೈಪರೀತ್ಯವನ್ನು ಬಹುಕಾಲದಿಂದ (ಮದುವೆಯ ಮಾರನೆಯ ದಿನದಿಂದ ಎಂದು ಓದಿಕೊಳ್ಳಿ) ನಗುನಗುತ್ತಲೇ ಸಹಿಸಿಕೊಂಡು ಬಂದಿದ್ದರು. ಈ ನಡುವೆ ತಲೆಗೂದಲೆಲ್ಲ ಒಂದೊಂದಾಗಿ ರಜೆ ಪಡೆದು, ಕಿವಿಯಿಂದ ಕಿವಿಗೆ ಸೀರೆಯ ಅಂಚಿನಂತೆ ಒಂದು ಪಟ್ಟಿ ಮಾತ್ರ ಉಳಿದಿತ್ತು. ಅದಕ್ಕೂ ಅವರು ಯಾರನ್ನೂ ದೂರಿದವರಲ್ಲ.

ಅವರಿಗೆ ಸಹಿಸಲಾಗದೆ ಹೋದದ್ದು ಒಂದೇ, ನಡುಮನೆಯ ಗಡಿಯಾರ.

ಅದು ಆಳೆತ್ತರದ ಗಡಿಯಾರ. ಕಪ್ಪು ಮರದ ಪೆಟ್ಟಿಗೆ, ಗಾಜಿನ ಬಾಗಿಲು, ಒಳಗೆ ಊಟದ ತಟ್ಟೆಯಷ್ಟಗಲದ ಲೋಲಕ. ಡಾಕ್ಟರ ಅತ್ತೆ ತಮ್ಮ ಮಗಳ ಮದುವೆಗೆ ಕೊಟ್ಟದ್ದು. ಅದಕ್ಕೊಂದು ದುರಭ್ಯಾಸವಿತ್ತು: ಎಷ್ಟು ಹೊಡೆಯಬೇಕೋ ಅದಕ್ಕಿಂತ ಒಂದು ಹೆಚ್ಚು ಹೊಡೆಯುತ್ತಿತ್ತು. ಮೂರು ಗಂಟೆಗೆ ನಾಲ್ಕು, ಹನ್ನೆರಡಕ್ಕೆ ಹದಿಮೂರು. ಇದು ಅತ್ತೆಯವರದೇ ಗುಣ ಎಂದು ಡಾಕ್ಟರ ಗಟ್ಟಿ ಅಭಿಪ್ರಾಯ. ಆ ಪುಣ್ಯಾತ್ಗಿತ್ತಿಯೂ ಬದುಕಿದ್ದಷ್ಟು ದಿನ, ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡ ಮೇಲೆ ಬಾಗಿಲಲ್ಲಿ ನಿಂತು ಇನ್ನೊಂದು ಹೇಳಿಯೇ ಹೋಗುತ್ತಿದ್ದರು. ಡಾಕ್ಟರಮ್ಮನಿಗೆ ಮಾತ್ರ ಆ ಗಡಿಯಾರವೆಂದರೆ ಪ್ರಾಣ. ಪ್ರತಿ ಭಾನುವಾರ ಅದರ ಬಾಗಿಲು ತೆರೆದು, ಒಳಗೆಲ್ಲ ಒರೆಸಿ, ಕೀಲಿ ಕೊಟ್ಟ ಹೊರತು ಅವರಿಗೆ ವಾರ ಶುರುವಾಗುತ್ತಿರಲಿಲ್ಲ.

ಡಾಕ್ಟರ ಪ್ರಾಣ ಇದ್ದದ್ದು ಹಿಂದಿನ ಕೋಣೆಯ ಕುರ್ಚಿಯಲ್ಲಿ. ಅದು ಅವರ ಮೊದಲ ಕ್ಲಿನಿಕ್ಕಿನ, ರೋಗಿಗಳನ್ನು ಮಲಗಿಸುವ ಕುರ್ಚಿ. ಹಸಿರು ರೆಕ್ಸಿನ್, ತಲೆಗೊಂದು ದಿಂಬು, ಒತ್ತಿದರೆ ಮೇಲೇಳುವ ಒಂದು ಪೆಡಲು. ಕ್ಲಿನಿಕ್ಕಿಗೆ ಕರೆಂಟಿನ ಕುರ್ಚಿ ಬಂದ ಮೇಲೆ ಇದು ನಿವೃತ್ತವಾಗಿ ಮನೆ ಸೇರಿತ್ತು. ಓಣಿಯ ಕಡೆಗೊಂದು ಬಾಗಿಲಿದ್ದ ಆ ಕೋಣೆಯ ಮರದ ಹಲಗೆಯ ನೆಲದ ಮೇಲೆ, ಒಂದು ಬದಿಗೆ ಸ್ವಲ್ಪ ಕುಂಟುತ್ತಾ ನಿಂತಿತ್ತು. ರಜೆಯ ದಿನ ಅದರಲ್ಲಿ ಒರಗಿ, ಪೇಪರನ್ನು ಮುಖದ ಮೇಲೆ ಹಾಕಿಕೊಂಡರೆ ಡಾಕ್ಟರಿಗೆ ಮೂರು ಲೋಕವೂ ಸಮ.

"ಮನೆಗೆ ಬಂದೋರು ಅದನ್ನ ನೋಡಿದ ಕೂಡ್ಲೇ ದವಡೆ ಹಿಡ್ಕೋತಾರ್ರೀ" ಎನ್ನುತ್ತಿದ್ದರು ಡಾಕ್ಟರಮ್ಮ.

ಹೀಗೆ ಗಡಿಯಾರ ನಡುಮನೆಯಲ್ಲಿ, ಕುರ್ಚಿ ಹಿಂದಿನ ಕೋಣೆಯಲ್ಲಿ, ನಡುವೆ ಒಂದು ಗೋಡೆ. ಸಂಸಾರ ಸುಗಮವಾಗಿ ಸಾಗಿತ್ತು. ಅಷ್ಟರಲ್ಲಿ ಡಾಕ್ಟರಮ್ಮನ ಮಂಡಿ ಮಹಡಿಯ ಮೆಟ್ಟಿಲಿನ ಮೇಲೆ ಮುನಿಸಿಕೊಂಡಿತು. ಮನೆ ಮಾರಿ, ಕ್ಲಿನಿಕ್ಕಿನ ಪಕ್ಕದ ಕಟ್ಟಡದಲ್ಲಿ ನೆಲಮಟ್ಟದ ಒಂದು ಪುಟ್ಟ ಫ್ಲ್ಯಾಟು ಕೊಳ್ಳುವುದೆಂದು ತೀರ್ಮಾನವಾಯಿತು. ಫ್ಲ್ಯಾಟು ಇಬ್ಬರಿಗೂ ಒಪ್ಪಿಗೆಯಾಯಿತು. ಆದರೆ ಅದರ ಹಜಾರದಲ್ಲಿ ಕಿಟಕಿ, ಬಾಗಿಲು, ಅಲಮಾರಿ ಎಲ್ಲ ಕಳೆದು ಉಳಿಯುತ್ತಿದ್ದದ್ದು ಒಂದೇ ಮೂಲೆ.

"ಗಡಿಯಾರ ಅಲ್ಲಿ ನಿಲ್ಲುತ್ತೆ" ಎಂದರು ಡಾಕ್ಟರಮ್ಮ.

"ಕುರ್ಚಿ?"

"ಅದನ್ನ ಗುಜರಿಗೆ ಹಾಕಿ."

"ಗಡಿಯಾರಾನೇ ಹಾಕಿದ್ರೆ? ಟೈಮ್ ನೋಡೋಕೆ ಕೈಯಲ್ಲಿ ವಾಚಿದೆ, ಜೇಬಲ್ಲಿ ಫೋನಿದೆ..."

"ಕೂತ್ಕೊಳ್ಳೋಕೆ ಸೋಫಾ ಇದೆ."

ಮಾತು ಅಲ್ಲಿಗೆ ನಿಂತಿತು. ಅಂದರೆ ಡಾಕ್ಟರ ಮಾತು ನಿಂತಿತು.

ಮನೆ ಮಾರುವುದೆಂದರೆ ಹಲ್ಲು ಕಿತ್ತಷ್ಟು ಸುಲಭವಲ್ಲ ಎಂದು ಗೊತ್ತಾದದ್ದು ಡಾಕ್ಟರಮ್ಮನ ತಮ್ಮ ಬಂದು ಕೂತ ಮೇಲೆ. ಅವನು ವಕೀಲ. ಯಾವ ಪ್ರಶ್ನೆಗೂ ಒಂದೇ ಉತ್ತರ ಕೊಟ್ಟವನಲ್ಲ. ಡಾಕ್ಟರು ಮೊದಲ ಪ್ರಶ್ನೆ ಎಸೆದರು: "ಮನೆ ಪತ್ರ ಇಬ್ಬರ ಹೆಸರಲ್ಲೂ ಇದೆ. ನಾನೊಬ್ಬನೇ ಸೈನ್ ಹಾಕಿದ್ರೆ ಸಾಕಲ್ವೇನಪ್ಪಾ?"

"ಅಕ್ಕ ಸೈನ್ ಹಾಕದೆ ಒಂದು ಇಟ್ಟಿಗೆ ಕೂಡ ಮಾರಕ್ಕಾಗಲ್ಲ ಭಾವ." (ಈ ಒಂದು ವಿಷಯದಲ್ಲಿ ಮಾತ್ರ ಅವನ ಉತ್ತರ ಒಂದೇ ಇತ್ತು.)

"ಬಚ್ಚಲ ಗೋಡೆ ಸ್ವಲ್ಪ ಒಸರುತ್ತೆ. ಅದನ್ನೆಲ್ಲ ಕೊಳ್ಳೋರಿಗೆ ಹೇಳ್ಬೇಕಾ?"

"ಹೇಳ್ಬೇಕು. ಗೊತ್ತಿದ್ದ ದೋಷ ಮುಚ್ಚಿಟ್ಟು ಮಾರಿದ್ರೆ ಆಮೇಲೆ ಕೇಸು ಹಾಕ್ಬೋದು."

"ಈ ಕಾನೂನು ಮದುವೆಗೂ ಇರ್ಬೇಕಿತ್ತು" ಎಂದರು ಡಾಕ್ಟರಮ್ಮ, ಕಪ್ಪಿಗೆ ಟೀ ಬಗ್ಗಿಸುತ್ತಾ.

ಡಾಕ್ಟರು ಕೇಳಿಸದವರಂತೆ ಮುಂದಿನ ಪ್ರಶ್ನೆಗೆ ಹಾರಿದರು. "ಮನೆ ಮಾರಿದ್ರೆ ಮನೆಯೊಳಗಿನ ಸಾಮಾನು? ಅದೂ ಹೋಗುತ್ತಾ?"

"ಅದು ಸಾಮಾನಿನ ಮೇಲೆ ಹೋಗುತ್ತೆ ಭಾವ. ಗೋಡೆಗೋ ನೆಲಕ್ಕೋ ಭದ್ರವಾಗಿ ಕೂರಿಸಿದ್ದು ಮನೆಯ ಭಾಗ, ಕೊಂಡೋರಿಗೆ ಸೇರುತ್ತೆ. ಸುಮ್ನೆ ಇಟ್ಟಿರೋದು, ಎತ್ಕೊಂಡು ಹೋಗೋ ಹಾಗಿರೋದು, ಮಾರೋರದ್ದು. ಬೇರೆ ಥರ ಬೇಕಂದ್ರೆ ಕರಾರಿನಲ್ಲಿ ಬರೀಬೇಕು."

"ಅಂದ್ರೆ... ಸ್ಕ್ರೂ ಹಾಕಿ ಕೂರಿಸಿದ್ರೆ?"

"ಸಾಮಾನ್ಯವಾಗಿ ಮನೆ ಜೊತೇನೇ."

ಡಾಕ್ಟರ ತಲೆಯೊಳಗೆ ದೀಪ ಹತ್ತಿಕೊಂಡಿತು. ಟೀ ಬಗ್ಗಿಸುತ್ತಿದ್ದವರಿಗೂ ಎರಡು ಕಿವಿ ಇವೆ ಎಂಬುದನ್ನು ಅವರು ಆಗಲೇ ನೆನಪಿಡಬೇಕಿತ್ತು. ಆದರೆ ಬುದ್ಧಿ ಹೊಳೆದಾಗ ಕಣ್ಣು ಮಂಜಾಗುವುದು ದೊಡ್ಡ ದೊಡ್ಡವರಿಗೂ ತಪ್ಪಿದ್ದಲ್ಲ.

ಯೋಜನೆ ಸರಳವಾಗಿತ್ತು. ಗಡಿಯಾರಕ್ಕೆ ಗುಟ್ಟಾಗಿ ಸ್ಕ್ರೂ ಹಾಕಿ ಗೋಡೆಗೆ ಸೇರಿಸಿಬಿಡುವುದು. ಮನೆ ಖಾಲಿ ಮಾಡುವ ದಿನ "ಅಯ್ಯೋ, ಇದು ಗೋಡೆಗೆ ಕೂತುಬಿಟ್ಟಿದೆಯಲ್ಲೇ, ಕಾನೂನು ಪ್ರಕಾರ ಅವರಿಗೇ ಸೇರಬೇಕಲ್ಲ" ಎಂದು ಮರುಗುವುದು. ಮೂಲೆ ಕುರ್ಚಿಗೆ. ಹಾವು ಸಾಯಬೇಕು, ಕೋಲು ಮುರಿಯಬಾರದು.

ಒಂದೇ ತೊಡಕು, ಆ ಮನೆಯಲ್ಲಿ ಉಪಕರಣಗಳ ಪೆಟ್ಟಿಗೆ ಡಾಕ್ಟರಮ್ಮನದು. ಬಲ್ಬು ಬದಲಿಸುವುದು, ನಲ್ಲಿ ಬಿಗಿಮಾಡುವುದು, ಕಳಚಿದ ಬಾಗಿಲು ಕೂರಿಸುವುದು ಎಲ್ಲ ಅವರೇ. ಡಾಕ್ಟರಿಗೆ ಮೂವತ್ತೆರಡು ಹಲ್ಲಿನಾಚೆಗಿನ ರಿಪೇರಿ ಗೊತ್ತಿರಲಿಲ್ಲ. ಅದಕ್ಕೆ ಸಾಕ್ಷಿ ಹಿಂದಿನ ಕೋಣೆಯ ಗೋಡೆಯ ಬಿರುಕು. ಅದೊಂದನ್ನು ಅವರೇ ಮುಚ್ಚಿದ್ದರು, ಕ್ಲಿನಿಕ್ಕಿನಿಂದ ತಂದ, ಹುಳುಕು ಹಲ್ಲಿಗೆ ತುಂಬುವ ಸಿಮೆಂಟಿನಿಂದ.

ಡಾಕ್ಟರಮ್ಮ ತರಕಾರಿ ತರಲು ಹೋದ ಒಂದು ಬೆಳಿಗ್ಗೆ ಕಾರ್ಯಾಚರಣೆ ನಡೆಯಿತು. ಡಾಕ್ಟರು ಪೆಟ್ಟಿಗೆಯಿಂದ ಡ್ರಿಲ್ಲನ್ನೂ ಸ್ಕ್ರೂಡ್ರೈವರನ್ನೂ ಕದ್ದರು, ಗಡಿಯಾರದ ಬಾಗಿಲು ತೆರೆದರು, ಲೋಲಕವನ್ನು ಬದಿಗೆ ಸರಿಸಿದರು. ಕೊರೆಯುವುದರಲ್ಲಿ ಅವರಿಗೆ ಸರಿಸಾಟಿ ಯಾರು? ಹಿಂದಿನ ಹಲಗೆಗೂ ಗೋಡೆಗೂ ಒಟ್ಟಿಗೆ ಡ್ರಿಲ್ ಹಿಡಿದಾಗ, ಅಭ್ಯಾಸಬಲದಿಂದ "ಸ್ವಲ್ಪ ಚುರ್ ಅನ್ಬಹುದು, ಅಲ್ಲಾಡಬೇಡಿ" ಎಂದರು. ಗೋಡೆ ಅಲ್ಲಾಡಲಿಲ್ಲ. ನಾಲ್ಕು ಸ್ಕ್ರೂ ಬಿಗಿದು, ಪುಡಿ ಒರೆಸಿ, ಬಾಗಿಲು ಹಾಕಿ, ಸೋಪು ಹಚ್ಚಿ ಕೈ ತೊಳೆದುಕೊಂಡರು. ಗಡಿಯಾರ ಹತ್ತಕ್ಕೆ ಹನ್ನೊಂದು ಹೊಡೆಯಿತು.

"ಹೊಡಿ, ಹೊಡಿ, ಎಷ್ಟು ದಿನ ಹೊಡೀತೀಯೋ ನೋಡ್ತೀನಿ" ಎಂದು ಡಾಕ್ಟರು ನಕ್ಕರು.

ಅದೇ ವಾರ, ಕೊಳ್ಳುವವರ ಸಾಲಕ್ಕೆ ಬೇಕಾಗುತ್ತದೆಂದು, ಬ್ಯಾಂಕಿನ ಕಡೆಯಿಂದ ಮನೆಗೆ ಬೆಲೆ ಕಟ್ಟುವವರು ಬಂದರು. ಮಾತು ಕಡಿಮೆಯ ಮನುಷ್ಯ. ಕೈಯಲ್ಲೊಂದು ಟಾರ್ಚು, ಒಂದು ಪುಟ್ಟ ಸುತ್ತಿಗೆ. ಗೋಡೆಗೆ ಟಕ್ ಟಕ್ ಎಂದು ಬಡಿದು ಕಿವಿಗೊಡುವುದು, "ಹ್ಞೂಂ" ಎನ್ನುವುದು, ಮುಂದಿನ ಗೋಡೆಗೆ ಹೋಗುವುದು. ಡಾಕ್ಟರ ಎದೆ ಡವಗುಟ್ಟಿತು. ಇಷ್ಟು ವರ್ಷ ತಾವೂ ಹೀಗೇ ಹಲ್ಲಿಗೆ ಬಡಿದು ಹೀಗೇ "ಹ್ಞೂಂ" ಎಂದವರು. ಆ "ಹ್ಞೂಂ" ಕೇಳುವವರಿಗೆ ಏನಾಗುತ್ತದೆಂದು ಅವರಿಗೆ ತಿಳಿದದ್ದು ಅವತ್ತೇ.

"ಈ ಬಣ್ಣ ನಾನೇ ಆರಿಸಿದ್ದು. ಅದಕ್ಕೇನಾದ್ರೂ ಜಾಸ್ತಿ ಬೆಲೆ..." ಎಂದು ನೋಡಿದರು.

"ಬಣ್ಣಕ್ಕೆ ಬರಲ್ಲ ಸಾರ್."

"ಬೆಳಗ್ಗೆ ಈ ಕಿಟಕೀಲಿ ಬಿಸಿಲು ಬೀಳೋದು ನೋಡ್ಬೇಕು ನೀವು."

"ಬಿಸಿಲು ಎಲ್ಲರ ಮನೆ ಮೇಲೂ ಬೀಳುತ್ತೆ ಸಾರ್. ಜಾಗ ಎಷ್ಟು, ಗೋಡೆಗೆ ವಯಸ್ಸೆಷ್ಟು, ಅಕ್ಕಪಕ್ಕದ ಮನೆ ಎಷ್ಟಕ್ಕೆ ಹೋಯ್ತು, ಇಷ್ಟೇ ನೋಡೋದು." ಅವರ ಸುತ್ತಿಗೆ ಹಿಂದಿನ ಕೋಣೆಯ ಬಿರುಕಿನ ಮೇಲೆ ನಿಂತಿತು. "ಇದೇನು, ಇಷ್ಟು ಬೆಳ್ಳಗಿದೆ?"

"ಫಿಲ್ಲಿಂಗು. ನೂರು ವರ್ಷ ಬಾಳುತ್ತೆ. ಬೇಕಾದ್ರೆ ಕಚ್ಚಿ ನೋಡಿ."

"ಹ್ಞೂಂ."

ಅವರು ಕೇಳುವ ಮೊದಲೇ ಡಾಕ್ಟರಮ್ಮ ಬಚ್ಚಲ ಗೋಡೆಯ ಒಸರನ್ನೂ ತೋರಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು, ಇದ್ದವರಿಗೆ ಮನೆ ಮುದ್ದು. ಆದರೆ ಬ್ಯಾಂಕು ಹೆತ್ತದ್ದಲ್ಲವಲ್ಲ. ವರದಿಯಲ್ಲಿ ಬಂದ ಬೆಲೆ ಡಾಕ್ಟರು ಕೇಳಬೇಕೆಂದಿದ್ದಕ್ಕಿಂತ ಕಡಿಮೆ ಇತ್ತು. ಬ್ಯಾಂಕು ಕೊಳ್ಳುವವರಿಗೆ ಸಾಲ ಕೊಡುವುದು ಆ ಬೆಲೆ ನೋಡಿಯೇ. ಮೇಲಿನದು ಬೇಕೆಂದರೆ ಕೊಳ್ಳುವವರು ಕೈಯಿಂದ ಹಾಕಬೇಕು, ಯಾರು ಹಾಕುತ್ತಾರೆ?

ಆ ಭಾನುವಾರ ಡಾಕ್ಟರು ಇದೇ ಚಿಂತೆಯಲ್ಲಿ ಕುರ್ಚಿಗೆ ಒರಗಿದರು. ಒರಗಿದವರಿಗೆ ಆಶ್ಚರ್ಯ: ಕುರ್ಚಿ ಎಂದಿನಂತೆ ಕುಂಟಲಿಲ್ಲ. ನೆಲದಿಂದಲೇ ಬೆಳೆದದ್ದರ ಹಾಗೆ ಗಟ್ಟಿಯಾಗಿ ಕೂತಿತ್ತು. ಡಾಕ್ಟರಮ್ಮ ತಾವಾಗಿಯೇ ಟೀ ತಂದುಕೊಟ್ಟರು. "ಆರಾಮಾಗಿದೆಯೇನ್ರೀ?" ಎಂದೂ ಕೇಳಿದರು. ಇಂಥ ಪ್ರಶ್ನೆ ಆ ಕುರ್ಚಿಯ ಚರಿತ್ರೆಯಲ್ಲೇ ಮೊದಲು. ಅಂತೂ ಕಾಲ ಕೂಡಿಬಂತು ಎಂದುಕೊಂಡು ಡಾಕ್ಟರು ಪೇಪರನ್ನು ಮುಖದ ಮೇಲೆ ಎಳೆದುಕೊಂಡರು.

ಕೊಳ್ಳಲು ಬಂದವರು ಒಬ್ಬ ಸಲೂನಿನ ಯಜಮಾನರು. ಕಪ್ಪಗೆ ಮಿರುಗುವ ತಲೆಗೂದಲು, ಹದವಾಗಿ ಕತ್ತರಿಸಿದ ಮೀಸೆ. ಮಾತಾಡುವಾಗ ಎದುರಿನವರ ಕಣ್ಣು ನೋಡದೆ ತಲೆ ನೋಡುವ ಅಭ್ಯಾಸ. ಡಾಕ್ಟರ ತಲೆ ನೋಡಿ ಒಮ್ಮೆ ನಿಟ್ಟುಸಿರು ಬಿಟ್ಟರು. ಮಹಡಿಯಲ್ಲಿ ಸಂಸಾರ, ಓಣಿಗೆ ಬಾಗಿಲಿರುವ ಹಿಂದಿನ ಕೋಣೆಯಲ್ಲಿ ಸಲೂನು, ಇದು ಅವರ ಲೆಕ್ಕ. ಮನೆಯೆಲ್ಲ ನೋಡಿ ಮೆಚ್ಚಿದರು. ಬೆಲೆಯ ಮಾತು ಬಂದಾಗ ಮಾತ್ರ ಬ್ಯಾಂಕಿನ ವರದಿಯನ್ನು ಮುಂದಿಟ್ಟು, "ಅಷ್ಟಕ್ಕೆ ಮುಗಿಸಿ ಡಾಕ್ಟ್ರೇ" ಎಂದರು.

ನಡುಮನೆಯಲ್ಲಿ ಬಾಮೈದನೂ ಸೇರಿ ನಾಲ್ವರು ಕೂತಿದ್ದರು. ಯಜಮಾನರು ಕೇಳಿದರು: "ಈ ಬೆಲೆಗೆ ಮನೆ ಜೊತೆಗೆ ಏನೇನು ಬರುತ್ತೆ?"

"ಒಂದೊಂದೇ ಸಾಮಾನು ಹೆಸರು ಹಿಡಿದು ಬರೆದುಬಿಡೋಣ ಭಾವ, ಆಮೇಲೆ ಜಗಳ ಬೇಡ" ಎಂದು ವಕೀಲ ಬಾಮೈದ ಪೆನ್ನು ತೆಗೆದ.

ಹೆಸರು ಹಿಡಿದು ಬರೆದರೆ ಗಡಿಯಾರದ ಹೆಸರೂ ಬರಬೇಕು, ಅದೂ ಡಾಕ್ಟರಮ್ಮನ ಎದುರಿಗೆ! ಡಾಕ್ಟರು ದಡಬಡಿಸಿ ಎದ್ದು ನಿಂತರು. "ಏನಯ್ಯಾ ಇದು! ಗೌರವಸ್ಥರ ನಡುವೆ ಬಕೆಟ್ಟು ಚೊಂಬು ಅಂತ ಬರ್ಕೊಂಡು ಕೂರೋದಾ? ಒಂದೇ ಸಾಲು ಬರಿ. ಸ್ಕ್ರೂ ಹಾಕಿದ್ದೆಲ್ಲ ನಿಮ್ಮದು, ಸ್ಕ್ರೂ ಹಾಕದ್ದೆಲ್ಲ ನಮ್ಮದು. ಮುಗೀತು!"

"ಯೋಚನೆ ಮಾಡಿ ಹೇಳಿ ಭಾವ."

"ಯೋಚನೆ ಮಾಡಿಯೇ ಹೇಳಿದ್ದು."

"ಆಮೇಲೆ ಮಾತು ಬದಲಾಯಿಸೋ ಹಾಗಿಲ್ಲ" ಎಂದರು ಡಾಕ್ಟರಮ್ಮ, ತಣ್ಣಗೆ.

"ನನ್ನ ಮಾತು ಅಂದ್ರೆ ಶಿಲಾಶಾಸನ ಕಣೇ!"

ಯಜಮಾನರು "ಒಂದ್ನಿಮಿಷ" ಎಂದು ಎದ್ದು ಇನ್ನೊಮ್ಮೆ ಹಿಂದಿನ ಕೋಣೆಗೆ ಹೋದರು. ಅವರು ಅಲ್ಲಿ ಮಂಡಿಯೂರಿ ಬಗ್ಗಿ ನೆಲ ನೋಡುತ್ತಿದ್ದದ್ದು ಬಾಗಿಲಿನಿಂದ ಕಾಣುತ್ತಿತ್ತು. ಹಲಗೆ ಗಟ್ಟಿ ಇದೆಯೇ ಎಂದು ಪರೀಕ್ಷಿಸುತ್ತಿರಬೇಕು ಎಂದುಕೊಂಡರು ಡಾಕ್ಟರು. ವಾಪಸು ಬಂದ ಯಜಮಾನರ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು.

"ಒಪ್ಪಿದೆ ಡಾಕ್ಟ್ರೇ. ಬ್ಯಾಂಕಿನವರು ಹೇಳಿದ್ದು ಹಾಗಿರ್ಲಿ, ನೀವು ಕೇಳಿದಷ್ಟೇ ಕೊಡ್ತೀನಿ. ಮೇಲಿನದು ನನ್ನ ಕೈಯಿಂದ."

ಬಾಮೈದ ಬಾಯಿ ತೆರೆದುಕೊಂಡು ಕೂತ. ಕರಾರಿಗೆ ಮೂವರೂ ಸೈನ್ ಹಾಕಿದರು. ವ್ಯಾಪಾರದಲ್ಲಿ ತಮಗೆ ಇಷ್ಟು ಚಾಕಚಕ್ಯತೆ ಇದೆಯೆಂದು ಡಾಕ್ಟರಿಗೇ ಗೊತ್ತಿರಲಿಲ್ಲ. ಮುಂದಿನ ದಿನಗಳಲ್ಲಿ, ಬಾಯಿ ತೆರೆದು ಮಲಗಿದ ಪ್ರತಿಯೊಬ್ಬ ರೋಗಿಗೂ ಆ ಕಥೆ ಹೇಳಿದರು. ಯಾರೂ ಎದುರು ಮಾತಾಡಲಿಲ್ಲ.

ಸಾಮಾನು ಸಾಗಿಸುವ ದಿನ ಬಂತು. ಡಾಕ್ಟರು ಗಡಿಯಾರದ ಪಕ್ಕದಲ್ಲೇ ನಿಂತು, ಮರುಗುವ ಮುಖವನ್ನು ಸಿದ್ಧಪಡಿಸಿಕೊಂಡಿದ್ದರು. ಇಬ್ಬರು ಆಳುಗಳು ಬಂದರು, "ಸರೀರಿ ಸಾರ್" ಎಂದರು, ಗಡಿಯಾರವನ್ನು ಎತ್ತಿ ಹೆಗಲಿಗೇರಿಸಿ ನಡೆದೇಬಿಟ್ಟರು. ಬೀದಿಗೆ ಹೋಗುತ್ತಾ ಅದು ಡಾಣ್ ಎಂದು ಒಂದು ಹೊಡೆಯಿತು, ಎಂದಿನ ಆ ಹೆಚ್ಚಿನದು.

ಡಾಕ್ಟರು ಗೋಡೆ ನೋಡಿದರು. ಸ್ಕ್ರೂ ಇಲ್ಲ. ಸ್ಕ್ರೂ ಇದ್ದ ನಾಲ್ಕು ತೂತುಗಳಿಗೆ ಹಾಲಿನಂತೆ ಬೆಳ್ಳನೆಯ ಫಿಲ್ಲಿಂಗು! ಅವರದೇ ಕ್ಲಿನಿಕ್ಕಿನ ಸಿಮೆಂಟು, ಅವರಿಗಿಂತ ನಯವಾಗಿ ತುಂಬಿತ್ತು.

ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಕೂಗು ಬಂತು: "ಸಾರ್, ಈ ಕುರ್ಚಿ ಅಲ್ಲಾಡ್ತಾನೇ ಇಲ್ಲ!"

ಡಾಕ್ಟರು ಓಡಿದರು. ಕುರ್ಚಿಯ ಕಬ್ಬಿಣದ ಪಾದದಲ್ಲಿ ತಯಾರಕರೇ ಬಿಟ್ಟಿದ್ದ ನಾಲ್ಕು ತೂತುಗಳಿದ್ದವು. ಇಷ್ಟು ವರ್ಷ ಅವು ಯಾತಕ್ಕೆಂದು ಅವರು ಯೋಚಿಸಿರಲಿಲ್ಲ. ಈಗ ನಾಲ್ಕರಲ್ಲೂ ಸ್ಕ್ರೂ ಮಿನುಗುತ್ತಿತ್ತು, ನೆಲದ ಹಲಗೆಗೆ ಬುಡದ ತನಕ ಬಿಗಿದು.

"ಏನೇ ಇದು?"

"ನಿಮ್ಮದೇ ಸ್ಕ್ರೂ" ಎಂದರು ಬಾಗಿಲಲ್ಲಿ ನಿಂತ ಡಾಕ್ಟರಮ್ಮ. "ಹೊಸದು ಒಂದೂ ತರ್ಲಿಲ್ಲ ನಾನು."

"ನೀನು... ನಿನಗೆ ಹೇಗೆ..."

"ಸ್ಕ್ರೂಡ್ರೈವರನ್ನ ಸುತ್ತಿಗೆ ಜಾಗದಲ್ಲಿ ಇಟ್ಟಿದ್ರಿ. ಭಾನುವಾರ ಕೀಲಿ ಕೊಡೋಕೆ ಬಾಗಿಲು ತೆಗೆದ್ರೆ ಒಳಗೆ ನಾಲ್ಕು ಹೊಸ ಹಲ್ಲು ನಗ್ತಾ ಇದ್ವು. ನೀವು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ಬಾರ್ದೇನ್ರೀ?"

ಹೊಸ ಮಾಲೀಕರೂ ಆಗಲೇ ಬಂದು ನಿಂತಿದ್ದರು. ಡಾಕ್ಟರು ಅವರತ್ತ ತಿರುಗಿ ಹಲ್ಲು ಕಿರಿದರು. "ಯಜಮಾನ್ರೇ, ಏನೋ ಸಣ್ಣ ತಪ್ಪಾಗಿದೆ. ಈ ಹಳೇ ಕುರ್ಚಿ ನಿಮಗ್ಯಾಕೆ, ನಾನು ಬಿಚ್ಕೊಂಡು..."

"ಅಯ್ಯೋ, ಏನಂತೀರಾ ಡಾಕ್ಟ್ರೇ!" ಯಜಮಾನರು ಕುರ್ಚಿಯ ತಲೆದಿಂಬನ್ನು ಸವರಿದರು. "ಇಂಥ ಕುರ್ಚಿ ಈಗ ಹುಡುಕಿದ್ರೂ ಸಿಗಲ್ಲ. ಬ್ಯಾಂಕಿನವರು ಹೇಳಿದ್ದಕ್ಕಿಂತ ಮೇಲೆ ಯಾಕೆ ಕೊಟ್ಟೆ ಅಂದ್ಕೊಂಡ್ರಿ? ಮನೆಗಾ? ಸ್ಕ್ರೂ ಹಾಕಿದ್ದೆಲ್ಲ ನಮ್ಮದು ಅಂತ ನೀವೇ ಹೇಳಿದ್ರಲ್ಲ, ಬಗ್ಗಿ ನೋಡ್ದೆ, ಸ್ಕ್ರೂ ಇತ್ತು. ತಕ್ಷಣ ಒಪ್ಕೊಂಡೆ."

ಡಾಕ್ಟರು, ಸಾಮಾನು ಸಾಗಿಸಲು ನೆರವಾಗಲೆಂದು ಬಂದಿದ್ದ ಬಾಮೈದನತ್ತ ನೋಡಿದರು.

"ಶಿಲಾಶಾಸನ ಭಾವ" ಎಂದ ಬಾಮೈದ.

ಇಂಗು ತಿಂದ ಮಂಗನಂತೆ ನಿಂತ ಗಂಡನನ್ನು ನೋಡಿ ಡಾಕ್ಟರಮ್ಮನಿಗೂ ಒಂದು ಕ್ಷಣ ಅಯ್ಯೋ ಎನಿಸಿತು. ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು: "ಅಮ್ಮ ಹೋದ ಮೇಲೆ ಆ ಕೀಲಿ ತಿರುಗಿಸೋವಾಗ ಮಾತ್ರ ಅಮ್ಮನ ಕೈ ಹಿಡ್ಕೊಂಡ ಹಾಗೆ ಅನ್ಸುತ್ತೆ ನಂಗೆ. ಅದು ಬೇಡ ಅಂತ ನೇರವಾಗಿ ಜಗಳ ಆಡಿದ್ರೆ ಆಡ್ಬೋದಿತ್ತು. ಆಡಿ, ಅಳತೆ ಹಿಡಿದು, ಎರಡಕ್ಕೂ ಎಲ್ಲಾದ್ರೂ ಜಾಗ ಮಾಡ್ತಿದ್ದೆ. ಕದ್ದು ಸ್ಕ್ರೂ ಹಾಕಿದ್ರಲ್ಲ, ಅದಕ್ಕೆ ಬೇಜಾರಾಯ್ತು."

ಡಾಕ್ಟರಿಗೆ ನಿಜವಾಗಿಯೂ ನಾಚಿಕೆಯಾಯಿತು. ಕುರ್ಚಿ ಹೋದ ದುಃಖಕ್ಕಿಂತ ಅದೇ ಹೆಚ್ಚಾಗಿ ಕುಟುಕಿತು. ಸೀದಾ ಹೋಗಿ ಲಾರಿಯಲ್ಲಿ ಗಡಿಯಾರದ ಪಕ್ಕ ಕೂತು, ದಾರಿಯುದ್ದಕ್ಕೂ ಅದು ವಾಲದಂತೆ ತಬ್ಬಿ ಹಿಡಿದುಕೊಂಡರು.

ಈಗ ಹೊಸ ಫ್ಲ್ಯಾಟಿನ ಆ ಒಂದೇ ಮೂಲೆಯಲ್ಲಿ ಗಡಿಯಾರ ನಿಂತಿದೆ, ಮೂರಕ್ಕೆ ನಾಲ್ಕು ಹೊಡೆಯುತ್ತಾ. ಡಾಕ್ಟರು ಅದಕ್ಕೆ ಒಂದು ಮಾತೂ ಅನ್ನುವುದಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಡಾಕ್ಟರಮ್ಮ ಕೀಲಿ ಕೈಗೆತ್ತಿಕೊಂಡರೆಂದರೆ ಸರಿ, ಇವರು ಚಪ್ಪಲಿ ಮೆಟ್ಟುತ್ತಾರೆ.

"ಎಲ್ಲಿಗೆ ಹೊರಟ್ರಿ?"

"ಕಟಿಂಗಿಗೆ."

"ಹೋದ ವಾರ ತಾನೇ ಮಾಡಿಸ್ಕೊಂಡು ಬಂದ್ರಿ! ಕತ್ತರಿಸೋಕೆ ಏನ್ರೀ ಉಳಿದಿದೆ ಅಲ್ಲಿ?"

"ಬೆಳೆಯುತ್ತೆ ಕಣೇ" ಎಂದು ಡಾಕ್ಟರು ಮೆಟ್ಟಿಲಿಲ್ಲದ ಮನೆಯಿಂದ ಸರಸರನೆ ಹೊರಬೀಳುತ್ತಾರೆ.

ಓಣಿಯ ಬಾಗಿಲು ತಳ್ಳಿದರೆ ಅದೇ ಕೋಣೆ, ಅದೇ ಬೆಳ್ಳನೆಯ ಬಿರುಕು, ಅದೇ ಹಸಿರು ಕುರ್ಚಿ. ಸರದಿ ಬರುವ ತನಕ ಬೆಂಚಿನ ಮೇಲೆ ಕಾದು, ಸರದಿ ಬಂದಾಗ ಕುರ್ಚಿಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚುತ್ತಾರೆ. ಯಜಮಾನರು ಬಿಳಿ ಬಟ್ಟೆ ಹೊದಿಸಿ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಹ್ಞೂಂ" ಎನ್ನುತ್ತಾರೆ.

"ಏನು ಕತ್ತರಿಸ್ಲಿ ಡಾಕ್ಟ್ರೇ? ಇದ್ದದ್ದು ಹೋದ ವಾರವೇ ಮುಗಿದೋಯ್ತು."

"ಪರವಾಗಿಲ್ಲ. ಸುಮ್ನೆ ಕಿವಿ ಹತ್ರ ಕತ್ತರಿ ಶಬ್ದ ಮಾಡ್ತಾ ಇರಿ."

ಯಜಮಾನರು ಒಳ್ಳೆಯವರು, ಸ್ವಲ್ಪ ಹೊತ್ತು ಕಚಕಚ ಎನಿಸುತ್ತಾರೆ. ಡಾಕ್ಟರಿಗೆ ಇನ್ನೇನು ಜೋಂಪು ಹತ್ತಬೇಕು, ಆಗ ಪೆಡಲು ಒತ್ತಿ ಕುರ್ಚಿಯನ್ನು ನೆಟ್ಟಗೆ ಮಾಡಿ, ಬಟ್ಟೆ ಕೊಡವಿ, ಬೆಂಚಿನ ಕಡೆ ತಿರುಗಿ ಕೂಗುತ್ತಾರೆ:

"ಮುಂದಿನವರು!"

ಡಾಕ್ಟರು ಎದ್ದು ಹೋಗುತ್ತಾರೆ.